ಬೋರಲು ಬಕೆಟ್‌ನಲ್ಲಿ ಮೀಥೇನ್: ಭದ್ರಾ ಗದ್ದೆಯಲ್ಲೂ ಜೋಗಿಮಟ್ಟಿ ಕಾಡಿನಲ್ಲೂ ಅಳೆಯುವ ಬಗೆ

ಭತ್ತದ ಗದ್ದೆ ಮೀಥೇನ್ ಹೊರಬಿಡುತ್ತದೆ ಎಂದು ದಾವಣಗೆರೆಯ ಹೈಸ್ಕೂಲು ಮಕ್ಕಳೂ ಪರೀಕ್ಷೆಯಲ್ಲಿ ಬರೆಯುತ್ತಾರೆ. ಅಲ್ಲಿಂದ ಸುಮಾರು 60 ಕಿಲೋಮೀಟರ್ ದೂರದ ಚಿತ್ರದುರ್ಗದಲ್ಲಿ, ಜೋಗಿಮಟ್ಟಿಯ ಒಣ ಕಾಡಿನ ಮಣ್ಣು ಅದೇ ಅನಿಲವನ್ನು ಗಾಳಿಯಿಂದ ಒಳಕ್ಕೆ ಎಳೆದುಕೊಳ್ಳುತ್ತಿರಬಹುದು ಎಂಬ ಮಾತು ಮಾತ್ರ ಯಾವ ಪ್ರಶ್ನೆಪತ್ರಿಕೆಯಲ್ಲೂ ಬರುವುದಿಲ್ಲ. ಮಣ್ಣಿಗೂ ಗಾಳಿಗೂ ನಡುವಿನ ಮೀಥೇನ್ ವ್ಯವಹಾರದಲ್ಲಿ ಕೊಡುವುದೂ ಇದೆ, ಕೊಳ್ಳುವುದೂ ಇದೆ. ಅದನ್ನು ಅಳೆಯಲು ಕೆಲವು ಪ್ಲಾಸ್ಟಿಕ್ ಬಕೆಟ್, ಒಂದಿಷ್ಟು ಸಿರಿಂಜ್, ಅನಿಲದ ಮಾದರಿಗಳನ್ನು ಪರೀಕ್ಷಿಸಿಕೊಡಲು ಒಪ್ಪುವ ಒಂದು ಪ್ರಯೋಗಾಲಯ ಇದ್ದರೆ ಸಾಕು. ನೆಲದ ಮೇಲೆ ಬಕೆಟ್ ಬೋರಲು ಹಾಕಿ, ಒಳಗೆ ಸಿಕ್ಕಿದ ಗಾಳಿಯಲ್ಲಿ ಮೀಥೇನ್ ಏರುತ್ತದೋ ಇಳಿಯುತ್ತದೋ ಎಂದು ನೋಡುವುದೇ ಇದರ ಬಗೆ. ಪ್ರಾಜೆಕ್ಟಿಗೆ ವಿಷಯ ಹುಡುಕುತ್ತಿರುವ ಪದವಿ ವಿದ್ಯಾರ್ಥಿಗಳನ್ನೂ ಅವರ ಮೇಷ್ಟ್ರುಗಳನ್ನೂ ಮನಸ್ಸಿನಲ್ಲಿಟ್ಟುಕೊಂಡು ಇದನ್ನು ಬರೆದಿದ್ದೇನೆ. ಹೊಲದ ಬದುವಿನಲ್ಲಿ ಕೂರುವ ತಾಳ್ಮೆಯಿರುವ ರೈತರೂ ಇದನ್ನು ಮಾಡಬಹುದು.

ಎಲ್ಲಕ್ಕಿಂತ ಮೊದಲು ಒಂದು ಮಾತು. ಮೀಥೇನ್ ಅಳೆಯಲು ಹೊರಟವರು ಅನಿಲದ ಹಿಂದೆ ಬಿದ್ದು ನೀರನ್ನು ಮರೆಯುತ್ತಾರೆ. ಆ ದಿನ ಆ ಜಾಗದಲ್ಲಿ ನೀರು ಎಷ್ಟು ಆಳದಲ್ಲಿತ್ತು ಎಂದು ಬರೆದಿಡದ ಮೀಥೇನ್ ಅಂಕಿಗೆ ನಾನು ಬೆಲೆ ಕೊಡುವುದಿಲ್ಲ. ಏಕೆ ಎಂಬುದು ಉತ್ತರದ ಕಾಡುಗಳ ಕಥೆ ಕೇಳಿದರೆ ತಿಳಿಯುತ್ತದೆ.

ಉತ್ತರದ ಕಾಡುಗಳು ಕಲಿಸಿದ್ದು

ಕೆನಡಾ, ಅಲಾಸ್ಕಾ, ಸ್ವೀಡನ್, ಫಿನ್ಲೆಂಡ್, ಸೈಬೀರಿಯಾ ಉದ್ದಕ್ಕೂ ಸ್ಪ್ರೂಸ್, ಪೈನ್, ಲಾರ್ಚ್, ಬರ್ಚ್ ಮರಗಳ ಪಟ್ಟಿಯೊಂದು ಭೂಮಿಯ ಉತ್ತರಕ್ಕೆ ಹಬ್ಬಿದೆ. ಜಗತ್ತಿನ ಒಟ್ಟು ಕಾಡಿನಲ್ಲಿ ಕಾಲು ಭಾಗಕ್ಕಿಂತ ತುಸು ಹೆಚ್ಚು ಅಲ್ಲೇ ಇದೆ. ಆ ಕಾಡು ಮೀಥೇನ್ ಬಿಡುತ್ತದೆಯೋ ಹೀರುತ್ತದೆಯೋ ಎಂದು ಕೇಳಿದರೆ ಉತ್ತರ ಹೆಜ್ಜೆ ಹೆಜ್ಜೆಗೂ ಬದಲಾಗುತ್ತದೆ. ದಿಬ್ಬದ ಮೇಲೆ ನೀರು ಬಸಿದುಹೋಗುವ ಮಣ್ಣು ಹೀರುತ್ತದೆ. ನಾಲ್ಕು ಮಾರು ಕೆಳಗೆ, ಪಾಚಿ ಕಟ್ಟಿದ ಜೌಗು ಹೊರಬಿಡುತ್ತದೆ.

ಈ ವ್ಯತ್ಯಾಸಕ್ಕೆ ಕಾರಣ ಎರಡು ಬಗೆಯ ಸೂಕ್ಷ್ಮಜೀವಿಗಳು. ನೀರು ನಿಂತು ಆಮ್ಲಜನಕ ತಲುಪದ ಕೆಸರಿನಲ್ಲಿ ಆರ್ಕಿಯಾ ಎಂಬ ಗುಂಪಿನ ಜೀವಿಗಳು ಕೊಳೆಯುವ ವಸ್ತುವಿನಿಂದ ಮೀಥೇನ್ ತಯಾರಿಸುತ್ತವೆ. ಗಾಳಿಯಾಡುವ ಮೇಲ್ಪದರದಲ್ಲಿ ಬೇರೆ ಬ್ಯಾಕ್ಟೀರಿಯಾಗಳು ಆ ಮೀಥೇನನ್ನೇ ಉರಿಸಿ ಬದುಕುತ್ತವೆ. ಕೆಳಗಿನಿಂದ ಬರುವುದು ಸಾಲದಿದ್ದರೆ ವಾತಾವರಣದಿಂದಲೂ ಎಳೆದುಕೊಳ್ಳುತ್ತವೆ. ಇವರಿಬ್ಬರ ನಡುವಿನ ಗಡಿ ಎಲ್ಲಿದೆ ಎಂಬುದನ್ನು ತೀರ್ಮಾನಿಸುವುದು ನೀರಿನ ಮಟ್ಟ. ಸ್ವೀಡನ್‌ನ ಉಪ್ಸಾಲಾ ಬಳಿಯ ನೋರುಂಡಾ ಕಾಡಿನಲ್ಲಿ ಮರಗಳನ್ನು ಬೋಳಿಸಿದ ಮೇಲೆ ಮಣ್ಣು ಮೀಥೇನ್ ಬಿಡತೊಡಗಿದ್ದು ದಾಖಲಾಗಿದೆ. ನೀರು ಹೀರಿ ಆವಿಯಾಗಿಸುತ್ತಿದ್ದ ಮರಗಳಿಲ್ಲದೆ ನೆಲದ ನೀರು ಮೇಲೇರಿತ್ತು. ಫಿನ್ಲೆಂಡ್‌ನವರು ಇದರ ತಿರುಗುಮುರುಗು ಮಾಡಿದರು. ಅಲ್ಲಿನ ಜೌಗು ನೆಲದಲ್ಲಿ ಅರ್ಧಕ್ಕಿಂತ ಹೆಚ್ಚನ್ನು ಮರ ಬೆಳೆಸಲೆಂದು ಬಸಿಗಾಲುವೆ ತೋಡಿ ಒಣಗಿಸಿದರು. ನೆಲದಿಂದ ಬರುವ ಮೀಥೇನ್ ಇಳಿಯಿತು. ಆದರೆ ಒಣಗಿದ ಜೌಗಿನಿಂದ ಇಂಗಾಲದ ಡೈಆಕ್ಸೈಡ್ ಏರಿತು, ನೀರು ನಿಂತ ಬಸಿಗಾಲುವೆಗಳೇ ಮೀಥೇನ್ ಬಿಡತೊಡಗಿದವು. ಈ ಬಸಿಗಾಲುವೆಯ ವಿಷಯ ನೆನಪಿನಲ್ಲಿರಲಿ, ನಮ್ಮ ಗದ್ದೆಯಲ್ಲಿ ಇದು ಕೆಲಸಕ್ಕೆ ಬರುತ್ತದೆ.

ಗಾಳಿಯಲ್ಲಿ ಈಗ ಮೀಥೇನ್ ಸುಮಾರು 1.9 ಪಿಪಿಎಂ ಇದೆ. ಅಂದರೆ ಹತ್ತು ಲಕ್ಷ ಅಣುಗಳಲ್ಲಿ ಎರಡಕ್ಕೂ ಕಡಿಮೆ. ಕೈಗಾರಿಕಾ ಯುಗಕ್ಕೆ ಮುಂಚೆ ಇದ್ದದ್ದು 0.7 ಪಿಪಿಎಂ ಆಸುಪಾಸು. ನೂರು ವರ್ಷಗಳ ಲೆಕ್ಕದಲ್ಲಿ, ತೂಕಕ್ಕೆ ತೂಕ ಹಿಡಿದರೆ, ಇದು ಇಂಗಾಲದ ಡೈಆಕ್ಸೈಡ್‌ಗಿಂತ 27 ಪಟ್ಟಿಗೂ ಹೆಚ್ಚು ಬಿಸಿ ಹಿಡಿಯುತ್ತದೆ. ವಾತಾವರಣದ ಮೀಥೇನ್‌ನಲ್ಲಿ ಬಹುಪಾಲು ಗಾಳಿಯಲ್ಲೇ ರಾಸಾಯನಿಕ ಕ್ರಿಯೆಯಿಂದ ನಾಶವಾಗುತ್ತದೆ. ಮಣ್ಣು ಹೀರುವುದು ವರ್ಷಕ್ಕೆ ಸುಮಾರು 3 ಕೋಟಿ ಟನ್ ಎಂಬ ಅಂದಾಜಿದೆ. ಪಾಲು ಚಿಕ್ಕದು. ಆದರೆ ಆ ಕೆಲಸ ಮಾಡುವ ಮಣ್ಣು ನಿಮ್ಮ ಕಾಲ ಕೆಳಗೇ ಇದೆ.

ಜಾಗ ಆರಿಸುವುದು

ಮೂರು ಜಾಗ ಆರಿಸಿಕೊಳ್ಳಿ. ಒಂದು ಭದ್ರಾ ನಾಲೆ ನೀರಿನ ಭತ್ತದ ಗದ್ದೆ. ಹರಿಹರ, ಮಲೇಬೆನ್ನೂರು, ಹೊನ್ನಾಳಿ ಕಡೆ ಎಲ್ಲಿಯಾದರೂ ಆದೀತು. ಎರಡನೆಯದು ಮಳೆಯಾಶ್ರಿತ ಮೆಕ್ಕೆಜೋಳದ ಹೊಲ. ಇದಕ್ಕೆ ದಾವಣಗೆರೆಯಲ್ಲಿ ಹುಡುಕಾಟವೇ ಬೇಡ. ಮೂರನೆಯದು ಒಣ ಕಾಡು. ಚಿತ್ರದುರ್ಗದ ಜೋಗಿಮಟ್ಟಿ ವನ್ಯಜೀವಿಧಾಮ ಪ್ರದೇಶ, ಆದ್ದರಿಂದ ಅರಣ್ಯ ಇಲಾಖೆಯ ಲಿಖಿತ ಅನುಮತಿ ಇಲ್ಲದೆ ಒಂದು ಬಳೆಯನ್ನೂ (ಬಕೆಟ್ ಕೂರಿಸಲು ನೆಲಕ್ಕೆ ಊರುವ ಪ್ಲಾಸ್ಟಿಕ್ ಉಂಗುರ) ನೆಲಕ್ಕೆ ಊರಬೇಡಿ. ಅನುಮತಿಗೆ ವಾರಗಳೇ ಹಿಡಿಯಬಹುದು, ಮೊದಲ ಅರ್ಜಿ ಅದೇ ಆಗಿರಲಿ. ಅನುಮತಿ ಸಿಗದಿದ್ದರೆ ಕಾಲೇಜಿನ ಆವರಣದಲ್ಲಿ ಹತ್ತಾರು ವರ್ಷ ಉಳದೆ ಬಿಟ್ಟ, ತುಗ್ಗಲಿಯೋ ಬೇವೋ ಬೆಳೆದ ಮೂಲೆಯೂ ನಡೆಯುತ್ತದೆ.

ಗದ್ದೆ ಆರಿಸುವಾಗ ಒಂದು ಸಲಹೆ. ನಾಲೆಯ ಮೇಲ್ಭಾಗದ ಗದ್ದೆ ಒಂದು, ಅಚ್ಚುಕಟ್ಟಿನ ಕೊನೆಯ ಭಾಗದ ಗದ್ದೆ ಒಂದು ಹಿಡಿಯಿರಿ. ಮೇಲಿನವರ ಗದ್ದೆಯಲ್ಲಿ ಸದಾ ನೀರು ನಿಂತಿರುತ್ತದೆ. ಕೊನೆಯ ಭಾಗದವರು ಆನ್-ಆಫ್ ಪದ್ಧತಿಯಲ್ಲಿ, ಅಂದರೆ ನಾಲೆಗೆ ಕೆಲವು ದಿನ ನೀರು ಬಿಟ್ಟು ಕೆಲವು ದಿನ ತಡೆಯುವ ಕ್ರಮದಲ್ಲಿ, ನೀರು ಬರುವ ದಿನಕ್ಕೆ ಕಾದು, ಬಂದಷ್ಟು ಕಟ್ಟಿಕೊಂಡು, ಮತ್ತೆ ಬಿರುಕು ಬಿಡುವವರೆಗೆ ಕಾಯುತ್ತಾರೆ. ಪ್ರತಿ ಬೇಸಿಗೆಯ ಹಂಗಾಮಿನಲ್ಲಿ ಅವರು ಬೀದಿಗಿಳಿದು ಕೂಗುವುದು ಇದಕ್ಕೇ. ಸಂಶೋಧನಾ ಕೇಂದ್ರಗಳು ವರ್ಷಗಟ್ಟಲೆ ಹಣ ಸುರಿದು ಗದ್ದೆಯನ್ನು ಬೇಕೆಂದೇ ಒಣಗಿಸಿ, ನೆನೆಸಿ ಮಾಡುವ ಪ್ರಯೋಗವನ್ನು ಇಲ್ಲಿನ ನೀರಿನ ಹಂಚಿಕೆ ಪುಕ್ಕಟೆಯಾಗಿ ಮಾಡಿಕೊಟ್ಟಿದೆ. ರೈತರಿಗೆ ಅದು ಸಂತೋಷದ ಸಂಗತಿಯಲ್ಲ, ಆದರೆ ಅಳೆಯುವವರಿಗೆ ಇದಕ್ಕಿಂತ ಒಳ್ಳೆಯ ಜೋಡಿ ಸಿಗುವುದಿಲ್ಲ.

ಪ್ರತಿ ಜಾಗದಲ್ಲಿ ಕನಿಷ್ಠ ಮೂರು ಬಳೆ ಊರಬೇಕು, ಆರಾದರೆ ಉತ್ತಮ. ಮಣ್ಣು ಮಾರಿಗೊಂದು ರೀತಿ ಇರುತ್ತದೆ. ಒಂದೇ ಬಕೆಟ್‌ನ ಅಂಕಿಯಿಂದ ಇಡೀ ಕಾಡಿನ ಬಗ್ಗೆ ಮಾತನಾಡುವುದು ಸರಿಯಲ್ಲ.

ಬಕೆಟ್ ತಯಾರಿ

20 ಲೀಟರಿನ, ಒಂದೇ ಅಳತೆಯ ಹೊಸ ಬಕೆಟ್ ತನ್ನಿ: ಊರುವ ಪ್ರತಿ ಬಳೆಗೆ ಒಂದು, ಮೇಲೆ ಬೋರಲು ಹಾಕಲು ಒಂದು. ಪೇಂಟ್ ಅಂಗಡಿಯ ಹಳೆಯ ಬಕೆಟ್ ಅಗ್ಗಕ್ಕೆ ಸಿಗುತ್ತದೆ, ಆದರೆ ದ್ರಾವಕದ ವಾಸನೆ ಇನ್ನೂ ಬರುತ್ತಿದ್ದರೆ ಬೇಡ. ಒಂದು ಬಕೆಟ್‌ನ ಬಾಯಿಯ ಕಡೆಯಿಂದ 12 ಸೆಂಟಿಮೀಟರ್ ಅಗಲದ ಬಳೆ ಕತ್ತರಿಸಿಕೊಳ್ಳಿ. ಇದು ನೆಲಕ್ಕೆ ಊರುವ ಬಳೆ, ಬಾಯಿಯ ಅಂಚು ಮೇಲಕ್ಕೆ ಬರಬೇಕು. ಇನ್ನೊಂದು ಬಕೆಟ್ ಅದರ ಮೇಲೆ ಬೋರಲು ಕೂರುತ್ತದೆ. ಎರಡೂ ಬಾಯಿಗಳು ಸೇರುವಲ್ಲಿ ಗಾಳಿ ಸೋರದಂತೆ ಟ್ರ್ಯಾಕ್ಟರ್ ಟ್ಯೂಬಿನಿಂದ ಒಂದು ಪಟ್ಟಿ ಕತ್ತರಿಸಿ ಬಿಗಿಯಾಗಿ ಏರಿಸಿ. ಪಂಕ್ಚರ್ ಅಂಗಡಿಯಲ್ಲಿ ಕೇಳಿದರೆ ಹರಿದ ಟ್ಯೂಬು ಸುಮ್ಮನೆ ಕೊಡುತ್ತಾರೆ.

ಬೋರಲು ಬಕೆಟ್‌ನ ತಳ ಈಗ ಮೇಲ್ಭಾಗ. ಅಲ್ಲಿ ಮೂರು ರಂಧ್ರ ಕೊರೆಯಿರಿ. ಒಂದಕ್ಕೆ ರಬ್ಬರ್ ಬಿರಡೆ ಹಾಕಿ ಸಿರಿಂಜಿನ ಸೂಜಿ ಚುಚ್ಚಲು ಬಿಡಿ. ಇನ್ನೊಂದರಲ್ಲಿ ಥರ್ಮಾಮೀಟರ್ ಇಳಿಸಿ ಸುತ್ತ ಸಿಲಿಕೋನ್ ಮೆತ್ತಿ. ಮೂರನೆಯದಕ್ಕೆ ಒಂದು ಮಾರು ಉದ್ದದ, ಸಲೈನ್ ಕೊಳವೆಯಷ್ಟು ತೆಳ್ಳಗಿನ ಪೈಪು ಸಿಕ್ಕಿಸಿ ತುದಿ ತೆರೆದೇ ಬಿಡಿ. ಇದನ್ನು ಬಿಟ್ಟುಬಿಡುವವರೇ ಹೆಚ್ಚು. ಸಿರಿಂಜಿನಿಂದ ಗಾಳಿ ಎಳೆದಾಗ ಒಳಗಿನ ಒತ್ತಡ ಇಳಿದು ಮಣ್ಣಿನೊಳಗಿನ ಅನಿಲ ಬಲವಂತವಾಗಿ ಮೇಲೆ ಬರುತ್ತದೆ. ಈ ಪೈಪು ಒತ್ತಡವನ್ನು ಸರಿದೂಗಿಸುತ್ತದೆ, ಉದ್ದವಾಗಿರುವುದರಿಂದ ಹೊರಗಾಳಿ ಒಳಗೆ ಬೆರೆಯುವುದಿಲ್ಲ. ಚಿತ್ರದುರ್ಗದ ಗುಡ್ಡಗಳ ಮೇಲೆ ಗಾಳಿಯಂತ್ರ ನಿಲ್ಲಿಸಿರುವುದು ಸುಮ್ಮನೆ ಅಲ್ಲ. ಅಲ್ಲಿನ ಗಾಳಿ ತೆರೆದ ಕೊಳವೆಯ ಬಾಯಿಯ ಮೇಲೆ ನೇರ ಬೀಸಿದರೆ ಬಕೆಟ್‌ನೊಳಗಿನ ಅನಿಲವನ್ನೇ ಹೀರಿ ತೆಗೆಯುತ್ತದೆ. ಆದ್ದರಿಂದ ಕೊಳವೆಯ ತುದಿಯನ್ನು ಬಕೆಟ್‌ನ ಮಗ್ಗುಲಲ್ಲಿ ಕೆಳಕ್ಕೆ ಬಾಗಿಸಿ, ಕಲ್ಲಿನ ಮರೆಗೆ ಇಡಿ.

ಹೊರಮೈಗೆ ಅಡುಗೆಮನೆಯ ಅಲ್ಯೂಮಿನಿಯಂ ಹಾಳೆ ಸುತ್ತಿ. ಬಿಸಿಲಿಗೆ ಒಳಗಿನ ತಾಪ ಹತ್ತು ಡಿಗ್ರಿ ಏರಿದರೆ ಅಳೆದದ್ದೆಲ್ಲ ವ್ಯರ್ಥ.

ಈಗ ಎರಡು ಅಳತೆ ಮಾಡಿ ಬಕೆಟ್ ಮೇಲೆಯೇ ಬರೆದಿಡಿ. ನೀರು ತುಂಬಿ ಲೀಟರ್ ಲೆಕ್ಕದಲ್ಲಿ ಗಾತ್ರ, ಬಳೆಯ ಒಳವ್ಯಾಸದಿಂದ ನೆಲದ ವಿಸ್ತೀರ್ಣ. ಬಳೆಯ ಎಷ್ಟು ಭಾಗ ನೆಲದ ಮೇಲೆ ಉಳಿಯುತ್ತದೋ ಅದರ ಗಾತ್ರವನ್ನೂ ಕೂಡಿಸಬೇಕು, ಗದ್ದೆಯಲ್ಲಿ ನೀರು ನಿಂತಷ್ಟನ್ನು ಕಳೆಯಬೇಕು. ಬಕೆಟ್ ಕೆಳಗೆ ಕಿರಿದು, ಮೇಲೆ ಅಗಲ. ಆದ್ದರಿಂದ ಸ್ಕೇಲು ಹಿಡಿದು ಎತ್ತರ ಅಳೆದರೆ ತಪ್ಪುತ್ತದೆ. ಗಾತ್ರವನ್ನು ವಿಸ್ತೀರ್ಣದಿಂದ ಭಾಗಿಸಿದಾಗ ಸಿಗುವುದೇ ಲೆಕ್ಕಕ್ಕೆ ಬೇಕಾದ ಎತ್ತರ. ಉದಾಹರಣೆಗೆ ಗಾತ್ರ 18 ಲೀಟರ್, ವಿಸ್ತೀರ್ಣ 0.06 ಚದರ ಮೀಟರ್ ಆದರೆ ಎತ್ತರ 0.3 ಮೀಟರ್.

ಸೆನ್ಸರ್ ಕೊಳ್ಳುವ ಮುನ್ನ

ಎಂಜಿನಿಯರಿಂಗ್ ವಿದ್ಯಾರ್ಥಿಗಳು ಇಲ್ಲಿ ತಡೆಯದೆ ಕೇಳುತ್ತಾರೆ: ಅಂತರ್ಜಾಲದಲ್ಲಿ ಅಗ್ಗಕ್ಕೆ ಸಿಗುವ ಎಂಕ್ಯೂ-4 ಮೀಥೇನ್ ಸೆನ್ಸರ್ ಇರುವಾಗ ಸಿರಿಂಜ್ ಏಕೆ? ಆ ಸೆನ್ಸರ್ ಕೆಲಸ ಶುರುಮಾಡುವುದೇ ಕೆಲವು ನೂರು ಪಿಪಿಎಂನಿಂದ. ಅಡುಗೆ ಅನಿಲ ಸೋರಿದರೆ ಕೂಗಲು ಅದು ಸರಿ. 1.9 ಪಿಪಿಎಂನಿಂದ 1.7ಕ್ಕೆ ಇಳಿಯಿತೇ ಎಂದು ಕೇಳಿದರೆ ಅದು ಹೇಳುವ ಉತ್ತರ ತೇವಾಂಶದ ಏರಿಳಿತದ್ದು, ಮೀಥೇನ್‌ನದ್ದಲ್ಲ. ಕಡಿಮೆ ಮಟ್ಟ ಅಳೆಯಬಲ್ಲ ಬೇರೆ ಸೆನ್ಸರುಗಳಿವೆ, ತೇವಾಂಶ ಮತ್ತು ತಾಪಕ್ಕೆ ತಿದ್ದುಪಡಿ ಮಾಡಿಕೊಂಡರೆ ಭತ್ತದ ಗದ್ದೆಯ ಏರಿಕೆಯನ್ನು ಹಿಡಿಯುತ್ತವೆ. ಕಾಡಿನ ಇಳಿಕೆಗೆ ಅವನ್ನೂ ನಂಬಬೇಡಿ. ಲೇಸರ್ ಆಧಾರಿತ ವಿಶ್ಲೇಷಕ ಸೆಕೆಂಡಿಗೊಂದು ನಿಖರ ಅಂಕಿ ಕೊಡುತ್ತದೆ, ಬೆಲೆ ಹತ್ತಾರು ಲಕ್ಷ. ಫಿನ್ಲೆಂಡ್‌ನ ಹ್ಯೂಟಿಯಾಲದಂಥ ಕಾಡಿನ ಕೇಂದ್ರಗಳಲ್ಲಿ ಅಂಥವು ಗೋಪುರದ ಮೇಲೆ ಹಗಲಿರುಳು ಓಡುತ್ತವೆ. ನಮಗೆ ಗ್ಯಾಸ್ ಕ್ರೊಮಾಟೋಗ್ರಾಫ್ (ಅನಿಲಗಳನ್ನು ಬೇರ್ಪಡಿಸಿ ಅಳೆಯುವ ಯಂತ್ರ) ಇರುವ ಪ್ರಯೋಗಾಲಯವೇ ದಾರಿ. ಕೃಷಿ ವಿಶ್ವವಿದ್ಯಾಲಯಗಳಲ್ಲಿ, ವಿಶ್ವವಿದ್ಯಾಲಯಗಳ ರಸಾಯನಶಾಸ್ತ್ರ ವಿಭಾಗಗಳಲ್ಲಿ ವಿಚಾರಿಸಿ. ಕೇಳಬೇಕಾದ ಪ್ರಶ್ನೆ ಎರಡೇ: ಆ ಯಂತ್ರದಲ್ಲಿ ಮೀಥೇನ್ ಪತ್ತೆ ಮಾಡುವ ಜ್ವಾಲೆಯ ಅಯಾನೀಕರಣ ಶೋಧಕ (ಎಫ್ಐಡಿ) ಇದೆಯೇ? 2 ಪಿಪಿಎಂ ಸುತ್ತಮುತ್ತಲಿನ ಪ್ರಮಾಣಿತ ಅನಿಲದ ಸಿಲಿಂಡರ್ ಇದೆಯೇ? ಎರಡನೆಯದಕ್ಕೆ ಇಲ್ಲ ಎಂದರೆ ಬೇರೆ ಪ್ರಯೋಗಾಲಯ ನೋಡಿ.

ನೀರಿನ ಪೈಪು ಮತ್ತು ಮಣ್ಣಿನ ತೇವ

30 ಸೆಂಟಿಮೀಟರ್ ಉದ್ದದ ಪಿವಿಸಿ ಪೈಪಿನ ಕೆಳ ಅರ್ಧಕ್ಕೆ ಸುತ್ತಲೂ ರಂಧ್ರ ಕೊರೆದು, ಆ ಅರ್ಧವನ್ನು ಗದ್ದೆಯ ಮಣ್ಣಿಗೆ ಊರಿ, ಒಳಗಿನ ಮಣ್ಣನ್ನು ತೆಗೆದುಹಾಕಿ. ಒಳಗೆ ಸ್ಕೇಲು ಇಳಿಸಿದರೆ ನೆಲದ ಮೇಲೆ ಎಷ್ಟು ನೀರಿದೆ, ನೀರು ಇಂಗಿದ ಮೇಲೆ ಎಷ್ಟು ಕೆಳಗಿದೆ ಎಂಬುದು ತಿಳಿಯುತ್ತದೆ. ನೀರು ನೆಲದಿಂದ 15 ಸೆಂಟಿಮೀಟರ್ ಕೆಳಗಿಳಿದಾಗ ಮತ್ತೆ ಹಾಯಿಸುವುದು, ಹೂಬಿಡುವ ಸಮಯದಲ್ಲಿ ಮಾತ್ರ ಗದ್ದೆಯಲ್ಲಿ ನೀರು ಸದಾ ನಿಂತಿರುವಂತೆ ನೋಡಿಕೊಳ್ಳುವುದು ಎಂಬ ಪದ್ಧತಿಯನ್ನು ಅಂತರರಾಷ್ಟ್ರೀಯ ಭತ್ತ ಸಂಶೋಧನಾ ಸಂಸ್ಥೆ ಈ ಪೈಪಿನ ಸಹಾಯದಿಂದಲೇ ಪ್ರಚಾರ ಮಾಡಿತು. ನೀರು ಉಳಿಸಲು ಹುಟ್ಟಿದ ಪೈಪು ಮೀಥೇನ್ ಅಳೆಯುವವರಿಗೆ ಬಕೆಟ್‌ನಷ್ಟೇ ಮುಖ್ಯ. ಬೆಳೆಯ ನಡುವೆ ಹಲವು ಬಾರಿ ನೀರು ಬಸಿದ ಗದ್ದೆಯ ಮೀಥೇನನ್ನು, ಸದಾ ನೀರು ನಿಂತ ಗದ್ದೆಯ 0.55 ಪಟ್ಟು ಎಂದು ಹವಾಮಾನ ಬದಲಾವಣೆಯ ಅಂತರಸರ್ಕಾರಿ ಸಮಿತಿ 2019ರ ಮಾರ್ಗಸೂಚಿಯಲ್ಲಿ ಲೆಕ್ಕ ಹಿಡಿದಿದೆ. ಮೇಲ್ಭಾಗ ಮತ್ತು ಕೊನೆಯ ಭಾಗದ ನಿಮ್ಮ ಎರಡು ಗದ್ದೆಗಳ ನಡುವೆ ಎಷ್ಟು ಅಂತರ ಬರುತ್ತದೆ ಎಂದು ಹೋಲಿಸಿ ನೋಡಬಹುದು. ಒಂದು ಎಚ್ಚರಿಕೆ ಇದೆ. ಯೂರಿಯಾ ಹಾಕಿದ ಗದ್ದೆಯನ್ನು ಒಣಗಿಸಿ ನೆನೆಸಿದರೆ ನೈಟ್ರಸ್ ಆಕ್ಸೈಡ್ ಎಂಬ ಇನ್ನೊಂದು ಅನಿಲ ಹೆಚ್ಚಬಹುದು. ಬಕೆಟ್ ಅದನ್ನೂ ಹಿಡಿದಿಡುತ್ತದೆ, ಪ್ರಯೋಗಾಲಯದವರಲ್ಲಿ ಅದನ್ನೂ ನೋಡಿಕೊಡಲು ಕೇಳಿ.

ಕಾಡಿನಲ್ಲಿ, ಹೊಲದಲ್ಲಿ ಪೈಪಿನಿಂದ ಪ್ರಯೋಜನವಿಲ್ಲ. ಅಲ್ಲಿ ಪ್ರತಿ ಬಳೆಯ ಪಕ್ಕದಿಂದ 10 ಸೆಂಟಿಮೀಟರ್ ಆಳದವರೆಗಿನ ಒಂದು ಹಿಡಿ ಮಣ್ಣು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ ಬಿಗಿದು ತನ್ನಿ. ಹಸಿ ತೂಕ ನೋಡಿ, 105 ಡಿಗ್ರಿ ಓವನ್‌ನಲ್ಲಿ ಒಂದು ದಿನ ಒಣಗಿಸಿ ಮತ್ತೆ ತೂಗಿ. ವ್ಯತ್ಯಾಸವೇ ತೇವ.

ಗದ್ದೆಯಲ್ಲಿ ಅಳೆಯುವ ದಿನ

ಬಳೆಯನ್ನು ಹಿಂದಿನ ದಿನವೇ, ಸಾಧ್ಯವಾದರೆ ವಾರ ಮುಂಚೆಯೇ ಊರಿ. ಅದರ ಅರ್ಧದಷ್ಟು ಕೆಸರಿಗಿಳಿಯಲಿ. ಪಕ್ಕದಲ್ಲಿ ಬದುವಿನಿಂದ ಬಳೆಯವರೆಗೆ ಹಲಗೆ ಹಾಕಿ, ಹಲಗೆಯ ಮೇಲೆಯೇ ನಿಂತು ಕೆಲಸ ಮಾಡಿ. ಕೆಸರಿಗೆ ಕಾಲಿಟ್ಟರೆ ಗುಳುಗುಳು ಎಂದು ಗುಳ್ಳೆ ಏಳುತ್ತದಲ್ಲ, ಅದೇ ಮೀಥೇನ್. ಇಟಲಿಯ ಅಲೆಸಾಂಡ್ರೊ ವೋಲ್ಟಾ 1776ರಲ್ಲಿ ಮಜ್ಜೋರೆ ಸರೋವರದ ದಡದ ಕೆಸರನ್ನು ಕೋಲಿನಿಂದ ಕದಡಿ ಸಂಗ್ರಹಿಸಿದ್ದು ಇಂಥ ಗುಳ್ಳೆಗಳನ್ನೇ. ಅವನಿಗೆ ಬೇಕಿದ್ದದ್ದು ಗುಳ್ಳೆ. ನಿಮಗೆ ಬೇಕಿರುವುದು ಕದಡದ ನೆಲ.

ಭತ್ತದಲ್ಲಿ ಇನ್ನೊಂದು ತೊಡಕಿದೆ. ಮೀಥೇನ್‌ನ ಬಹುಪಾಲು ನೀರಿನ ಮೂಲಕವಲ್ಲ, ಬೇರಿಗೆ ಗಾಳಿ ಒಯ್ಯಲೆಂದು ಗಿಡದೊಳಗಿರುವ ಟೊಳ್ಳು ನಾಳಗಳ ಮೂಲಕ ಹೊರಬರುತ್ತದೆ. ಆದ್ದರಿಂದ ಬಳೆಯೊಳಗೆ ನೆಟ್ಟ ಪೈರಿನ ಗುಣಿ ಇರಲೇಬೇಕು. ಬರೀ ನೀರಿನ ಮೇಲೆ ಬಕೆಟ್ ಹಾಕಿದರೆ ಅಸಲಿ ಅಂಕಿಯ ಒಂದು ತುಣುಕು ಮಾತ್ರ ಸಿಗುತ್ತದೆ. ನಾಟಿಯಾದ ಮೊದಲ ವಾರಗಳಲ್ಲಿ 20 ಲೀಟರ್ ಬಕೆಟ್ ಸಾಕು. ಪೈರು ಎತ್ತರವಾದಂತೆ ತಳ ಕತ್ತರಿಸಿದ ಇನ್ನೊಂದು ಬಕೆಟನ್ನು ನಡುವೆ ಜೋಡಿಸಿ ಎತ್ತರಿಸಿ, ಗಾತ್ರವನ್ನು ಮತ್ತೆ ಅಳೆಯಿರಿ. ಎಲೆ ಮಡಿಸಿ ತುರುಕಬೇಡಿ.

ಬೆಳಿಗ್ಗೆ 9ರಿಂದ 11ರ ನಡುವೆ ಅಳೆದರೆ ದಿನದ ಸರಾಸರಿಗೆ ಹತ್ತಿರದ ಅಂಕಿ ಸಿಗುತ್ತದೆ. ಬಕೆಟ್ ಬೋರಲು ಹಾಕಿ ಟ್ಯೂಬಿನ ಪಟ್ಟಿ ಏರಿಸಿದ ಕ್ಷಣ ಸೊನ್ನೆ ನಿಮಿಷ. ಮೂರು ದಾರಿಯ ಸ್ಟಾಪ್‌ಕಾಕ್ (ತಿರುಗಿಸಿ ತೆರೆದು ಮುಚ್ಚುವ ಕೀಲಿ) ಇರುವ 50 ಮಿಲಿಲೀಟರ್ ಸಿರಿಂಜನ್ನು ನಾಲ್ಕೈದು ಬಾರಿ ನಿಧಾನವಾಗಿ ಎಳೆದು ಬಿಟ್ಟು ಒಳಗಿನ ಗಾಳಿ ಬೆರೆಯುವಂತೆ ಮಾಡಿ, ಆಮೇಲೆ 30 ಮಿಲಿಲೀಟರ್ ತೆಗೆಯಿರಿ. ಹೀಗೆಯೇ 10, 20, 30ನೇ ನಿಮಿಷಕ್ಕೂ ಮಾಡಿ. ಮಾದರಿಯನ್ನು ಗಾಳಿ ತೆಗೆದು ಮುಚ್ಚಿದ 12 ಮಿಲಿಲೀಟರ್ ಗಾಜಿನ ವಯಲ್‌ಗೆ (ಚಿಕ್ಕ ಶೀಶೆ) 20 ಮಿಲಿಲೀಟರ್ ತುಂಬಿ ಒತ್ತಿಡಿ. ಒಳಗೆ ಒತ್ತಡ ಹೆಚ್ಚಿರುವುದರಿಂದ ಸೋರಿದ ವಯಲ್ ಪ್ರಯೋಗಾಲಯದಲ್ಲಿ ಕೂಡಲೇ ಸಿಕ್ಕಿಬೀಳುತ್ತದೆ. ವಯಲ್ ಮೇಲಿನ ಚೀಟಿಯಲ್ಲಿ ಬಳೆಯ ಗುರುತು, ನಿಮಿಷ, ದಿನಾಂಕ ಬರೆಯಿರಿ. ನೀರಿಗೆ ಅಳಿಸದ ಶಾಯಿಯೇ ಬೇಕು. ಪುಸ್ತಕದಲ್ಲಿ ಬಕೆಟ್‌ನೊಳಗಿನ ತಾಪ, 5 ಸೆಂಟಿಮೀಟರ್ ಆಳದ ಮಣ್ಣಿನ ತಾಪ, ನೀರಿನ ಮಟ್ಟ, ಮೊಬೈಲಿನಲ್ಲಿ ಒತ್ತಡಮಾಪಕ ಇದ್ದರೆ ಗಾಳಿಯ ಒತ್ತಡ, ಕೊನೆಯ ಬಾರಿ ನಾಲೆ ನೀರು ಬಂದ ದಿನ, ಗೊಬ್ಬರ ಹಾಕಿದ ದಿನ ಇರಲಿ. ಹಸಿರೆಲೆ ಗೊಬ್ಬರ ಅಥವಾ ಹುಲ್ಲು ಗದ್ದೆಗೆ ಉತ್ತಿದ್ದರೆ ತಪ್ಪದೆ ಬರೆಯಿರಿ, ಅದು ಅಂಕಿಯನ್ನು ಬಲವಾಗಿ ಏರಿಸುತ್ತದೆ.

ಗದ್ದೆ ಮುಗಿದ ಮೇಲೆ ಬಸಿಗಾಲುವೆಗೂ ಒಂದು ಬಕೆಟ್ ಹಾಕಿ. ಅಲ್ಲಿ ಬಳೆ ನಿಲ್ಲದಿದ್ದರೆ ಬಕೆಟ್ ಅಂಚಿಗೆ ಥರ್ಮಾಕೋಲ್ ಪಟ್ಟಿ ಕಟ್ಟಿ ತೇಲಿಸಿದರಾಯಿತು. ಸೂಳೆಕೆರೆಯಂಥ ಆಳದ ಕೆರೆಗಳಲ್ಲಿ ವಿದ್ಯಾರ್ಥಿಗಳನ್ನು ನೀರಿಗಿಳಿಸುವುದು ಮಾತ್ರ ಬೇಡ.

ಕಾಡಿನಲ್ಲಿ ಅಳೆಯುವ ದಿನ

ಇಲ್ಲಿ ಅಂಕಿ ಚಿಕ್ಕದು, ತಾಳ್ಮೆ ದೊಡ್ಡದಿರಬೇಕು. ಬಳೆಯನ್ನು ಕನಿಷ್ಠ ಎರಡು ವಾರ ಮುಂಚೆ ಊರಿ, ಏಕೆಂದರೆ ಊರುವಾಗ ತುಂಡಾದ ಬೇರುಗಳು ಕೊಳೆತು ಅಂಕಿ ಕೆಡಿಸುತ್ತವೆ. ಮಸಾರೆ ಮಣ್ಣಿನ ಕಲ್ಲಿನ ನಡುವೆ ಐದು ಸೆಂಟಿಮೀಟರ್ ಇಳಿಯುವ ಜಾಗ ಹುಡುಕುವುದೇ ಅರ್ಧ ದಿನದ ಕೆಲಸ. ಮರದ ಸುತ್ತಿಗೆ ಒಯ್ಯಿರಿ. ಬಳೆಯೊಳಗಿನ ಒಣಗಿದೆಲೆಗಳನ್ನು ಗುಡಿಸಬೇಡಿ. ಗೆದ್ದಲು ಹುತ್ತದಿಂದ ದೂರವಿರಿ. ಗೆದ್ದಲಿನ ಹೊಟ್ಟೆಯೊಳಗೂ ಮೀಥೇನ್ ಹುಟ್ಟುತ್ತದೆ, ಹುತ್ತದ ಪಕ್ಕದ ಬಕೆಟ್ ಇಡೀ ಕಾಡನ್ನು ಮೀಥೇನ್ ಮೂಲವೆಂದು ತೋರಿಸಿಬಿಡಬಹುದು. ಹುತ್ತವನ್ನು ಬೇರೆಯಾಗಿಯೇ ಅಳೆಯುವ ಆಸೆಯಿದ್ದರೆ ಅದು ಇನ್ನೊಂದು ಪ್ರಾಜೆಕ್ಟು, ಒಳ್ಳೆಯ ಪ್ರಾಜೆಕ್ಟು.

ಮಾದರಿಗಳನ್ನು 0, 15, 30, 45ನೇ ನಿಮಿಷಕ್ಕೆ ತೆಗೆಯಿರಿ. ಬಕೆಟ್ ಬಳಿ ಬೀಡಿ, ಜನರೇಟರ್, ಬೈಕಿನ ಎಂಜಿನ್ ಯಾವುದೂ ಬೇಡ. ದನ ಮೇಯುತ್ತಿದ್ದರೆ ಅವು ದಾಟುವವರೆಗೆ ಕಾಯಿರಿ.

ಉತ್ತರದ ಕಾಡಿನಲ್ಲಿ ಬೇಸಿಗೆ ಬಂದು ಮಣ್ಣು ಒಣಗಿದಂತೆ ಹೀರುವಿಕೆ ಹೆಚ್ಚುತ್ತದೆ, ಹಿಮ ಕರಗಿ ತಗ್ಗಿನಲ್ಲಿ ನೀರು ನಿಂತಾಗ ಕಡಿಮೆಯಾಗುತ್ತದೆ. ಅದನ್ನು ಓದಿ ಏಪ್ರಿಲ್ ಬಿಸಿಲಿಗೆ ಜೋಗಿಮಟ್ಟಿ ಹತ್ತಿ ಅತಿ ಹೆಚ್ಚು ಹೀರುವಿಕೆಯನ್ನು ನಿರೀಕ್ಷಿಸುವುದು ಸರಿಯಲ್ಲ. ತೇವ ತೀರ ಇಳಿದರೆ ಮೀಥೇನ್ ತಿನ್ನುವ ಬ್ಯಾಕ್ಟೀರಿಯಾಗಳೂ ಸುಸ್ತಾಗುತ್ತವೆ. ಅತಿ ಒಣ, ಅತಿ ತೇವ ಎರಡೂ ಅವುಗಳಿಗೆ ಆಗುವುದಿಲ್ಲ. ನಮ್ಮಲ್ಲಿ ಕೆಲಸ ಚೆನ್ನಾಗಿ ನಡೆಯಬಹುದಾದದ್ದು ಮುಂಗಾರು ಮಳೆಗಳ ನಡುವಿನ ಬಿಡುವಿನಲ್ಲಿ, ಹಿಂಗಾರು ನಿಂತು ಮಣ್ಣು ಆರುತ್ತಿರುವಾಗ. ಬೇಸಿಗೆ, ಮಳೆಗಾಲ, ಹಿಂಗಾರಿನ ನಂತರ ಹೀಗೆ ಮೂರು ಕಾಲದಲ್ಲೂ ಹೋಗಿ ಬಂದರೆ ತೇವಕ್ಕೂ ಹೀರುವಿಕೆಗೂ ಇರುವ ನಂಟನ್ನು ಒಂದೇ ನಕ್ಷೆಯಲ್ಲಿ (ಗ್ರಾಫ್) ಕಾಣಬಹುದು. ರಾಜ್ಯದಲ್ಲೇ ಅತಿ ಕಡಿಮೆ ಮಳೆಯ ಚಳ್ಳಕೆರೆ ಕಡೆಯ ಹುಲ್ಲುಗಾವಲಿನ ಒಂದು ಜಾಗವನ್ನು ಸೇರಿಸಿಕೊಂಡರೆ ನಕ್ಷೆಯ ಒಣ ತುದಿಯೂ ತುಂಬುತ್ತದೆ.

ಮೆಕ್ಕೆಜೋಳದ ಹೊಲಕ್ಕೂ ಇದೇ ಕ್ರಮ. ಉಳುಮೆ ಮತ್ತು ಅಮೋನಿಯಂ ಕೊಡುವ ಗೊಬ್ಬರ ಮೀಥೇನ್ ತಿನ್ನುವ ಜೀವಿಗಳನ್ನು ಕುಗ್ಗಿಸುವುದರಿಂದ ಹೊಲದ ಹೀರುವಿಕೆ ಕಾಡಿಗಿಂತ ಕಡಿಮೆ ಬರುವುದು ಸಾಮಾನ್ಯ.

ಲೆಕ್ಕ

ಪ್ರಯೋಗಾಲಯದಿಂದ ಬಂದ ಪಿಪಿಎಂ ಅಂಕಿಗಳನ್ನು ನಿಮಿಷದ ಎದುರು ನಕ್ಷೆಯಲ್ಲಿ ಗುರುತಿಸಿ ಗೆರೆ ಎಳೆಯಿರಿ. ಗೆರೆ ನಿಮಿಷಕ್ಕೆ ಎಷ್ಟು ಪಿಪಿಎಂ ಏರಿತು ಅಥವಾ ಇಳಿಯಿತು ಎಂಬುದು ದರ. ಆಮೇಲೆ ಒಂದೇ ಸೂತ್ರ: ದರ × ಬಕೆಟ್ ಎತ್ತರ ÷ ಒಂದು ಮೋಲ್ ಗಾಳಿಯ ಗಾತ್ರ × 0.96. ಉತ್ತರ ಚದರ ಮೀಟರಿಗೆ ಗಂಟೆಗೆ ಎಷ್ಟು ಮಿಲಿಗ್ರಾಂ ಮೀಥೇನ್ ಎಂದು ಬರುತ್ತದೆ. ಮೀಥೇನ್‌ನ ಅಣುತೂಕ 16, ಗಂಟೆಗೆ 60 ನಿಮಿಷ, ಉಳಿದದ್ದು ಹತ್ತರ ಘಾತಗಳು. ಹೀಗೆ 0.96 ಸಿಗುತ್ತದೆ.

ಒಂದು ಮೋಲ್ ಗಾಳಿಯ ಗಾತ್ರಕ್ಕೆ ಪಠ್ಯಪುಸ್ತಕದ 22.4 ಲೀಟರ್ ಹಾಕಬೇಡಿ. ಅದು ಸೊನ್ನೆ ಡಿಗ್ರಿಗೆ, ಸಮುದ್ರಮಟ್ಟಕ್ಕೆ ಸರಿ. ದಾವಣಗೆರೆ ಸಮುದ್ರಮಟ್ಟದಿಂದ ಸುಮಾರು 600 ಮೀಟರ್ ಎತ್ತರದಲ್ಲಿದೆ. 28 ಡಿಗ್ರಿ ತಾಪದಲ್ಲಿ ಅಲ್ಲಿ ಅದು ಸುಮಾರು 26.5 ಲೀಟರ್, ಅಂದರೆ 0.0265 ಘನ ಮೀಟರ್. ಜೋಗಿಮಟ್ಟಿ ಇನ್ನೂ ಎತ್ತರ, ಅಲ್ಲಿ ಗಾಳಿ ಇನ್ನೂ ತೆಳು. ಒತ್ತಡ 89 ಕಿಲೋಪಾಸ್ಕಲ್, ತಾಪ 24 ಡಿಗ್ರಿ ಇದ್ದರೆ 0.0278 ಬರುತ್ತದೆ. ಆಯಾ ದಿನದ ಒತ್ತಡ ಮತ್ತು ತಾಪ ಹಿಡಿದು ಆದರ್ಶ ಅನಿಲದ ಸಮೀಕರಣದಿಂದ ಲೆಕ್ಕ ಹಾಕಿ.

ಗದ್ದೆಯ ಉದಾಹರಣೆ ನೋಡೋಣ. ಇವು ಲೆಕ್ಕ ತೋರಿಸಲು ಇಟ್ಟುಕೊಂಡ ಅಂಕಿಗಳು. 30 ನಿಮಿಷದಲ್ಲಿ 2 ಪಿಪಿಎಂ ಇದ್ದದ್ದು 8 ಆದರೆ ದರ 0.2. ಅದನ್ನು 0.3ರಿಂದ ಗುಣಿಸಿ, 0.0265ರಿಂದ ಭಾಗಿಸಿ, 0.96ರಿಂದ ಗುಣಿಸಿದರೆ ಸುಮಾರು 2.2 ಮಿಲಿಗ್ರಾಂ. ಇದನ್ನು 0.24ರಿಂದ ಗುಣಿಸಿದರೆ ದಿನಕ್ಕೆ ಹೆಕ್ಟೇರಿಗೆ ಎಷ್ಟು ಕಿಲೋ ಎಂಬುದು ಬರುತ್ತದೆ: ಸುಮಾರು ಅರ್ಧ ಕಿಲೋ. ಸದಾ ನೀರು ನಿಂತ, ಸಾವಯವ ಗೊಬ್ಬರ ಹಾಕದ ಗದ್ದೆಗೆ 2019ರ ಅದೇ ಮಾರ್ಗಸೂಚಿ ದಕ್ಷಿಣ ಏಷ್ಯಾಕ್ಕೆ ಹಿಡಿದ ಅಂಕಿ ದಿನಕ್ಕೆ ಹೆಕ್ಟೇರಿಗೆ 0.85 ಕಿಲೋ. ನಿಮ್ಮ ಅಂಕಿ ಅದರ ಹತ್ತು ಪಟ್ಟೋ ನೂರನೇ ಒಂದು ಭಾಗವೋ ಬಂದರೆ ಮೊದಲು ಅನುಮಾನಿಸಬೇಕಾದದ್ದು ಬಕೆಟನ್ನು.

ಕಾಡಿನಲ್ಲಿ 45 ನಿಮಿಷಕ್ಕೆ 1.95 ಇದ್ದದ್ದು 1.72ಕ್ಕೆ ಇಳಿದರೆ ದರ ಋಣ 0.0051. ಉತ್ತರ ಋಣ 0.053 ಮಿಲಿಗ್ರಾಂ, ಅಂದರೆ ಗಂಟೆಗೆ ಚದರ ಮೀಟರಿಗೆ 53 ಮೈಕ್ರೋಗ್ರಾಂ ಮೀಥೇನ್ ಮಣ್ಣಿಗೆ ಹೋಯಿತು. ಗದ್ದೆಯ ಒಂದು ಚದರ ಮೀಟರ್ ಬಿಟ್ಟದ್ದನ್ನು ಹೀರಲು ಕಾಡಿನ 40 ಚದರ ಮೀಟರ್ ಬೇಕು. ಭತ್ತದ ಗದ್ದೆಗೆ ಪ್ರತಿಯಾಗಿ ಕಾಡು ಇದೆಯಲ್ಲ ಎಂದು ಸಮಾಧಾನ ಹೇಳುವವರಿಗೆ ಈ ಗುಣಾಕಾರ ತೋರಿಸಬಹುದು.

ಅಂಕಿ ನಂಬುವ ಮುನ್ನ

ಪ್ರತಿ ಸಲ ಐದಾರು ವಯಲ್‌ಗೆ ಬರೀ ಹೊರಗಾಳಿ ತುಂಬಿ, ಉಳಿದವುಗಳ ಜೊತೆಗೇ ಕಳಿಸಿ. ಅವೆಲ್ಲ ಒಂದೇ ಅಂಕಿ ಕೊಡಬೇಕು. ಅವುಗಳ ನಡುವೆಯೇ 0.1 ಪಿಪಿಎಂ ಏರುಪೇರು ಇದ್ದರೆ ಕಾಡಿನ 0.23ರ ಇಳಿಕೆಯನ್ನು ಎಚ್ಚರದಿಂದ ನೋಡಿ.

ಗದ್ದೆಯ ನಾಲ್ಕು ಬಿಂದುಗಳಲ್ಲಿ ಒಂದು ಮಾತ್ರ ಹಠಾತ್ ಜಿಗಿದು ಮುಂದಿನದೂ ಅಲ್ಲೇ ಮೇಲೆ ಉಳಿದರೆ ಅದು ಗುಳ್ಳೆ. ಆ ಅಳತೆಯಿಂದ ದರ ಲೆಕ್ಕ ಹಾಕಬೇಡಿ, ಗುಳ್ಳೆ ಎದ್ದಿತೆಂದು ಬೇರೆಯಾಗಿ ಬರೆಯಿರಿ. ಗೆರೆಯ ಮೇಲೆ ಬಿಂದುಗಳು ಸರಿಯಾಗಿ ಕೂರದ ಅಳತೆಗಳನ್ನೆಲ್ಲ ಬಿಸಾಡುವ ರೂಢಿ ಕೆಲವರಲ್ಲಿದೆ. ಗದ್ದೆಗೆ ಸರಿ. ಕಾಡಿಗೆ ಹಾಗೆ ಮಾಡಿದರೆ ಮೋಸವಾಗುತ್ತದೆ. ಹೀರುವಿಕೆ ಸೊನ್ನೆಗೆ ಹತ್ತಿರವಿದ್ದ ದಿನ ಗೆರೆ ಸಹಜವಾಗಿಯೇ ಚೆದುರುತ್ತದೆ. ಅವನ್ನು ತೆಗೆದರೆ ದೊಡ್ಡ ಅಂಕಿಗಳಷ್ಟೇ ಉಳಿದು, ಕಾಡು ಇದ್ದದ್ದಕ್ಕಿಂತ ಹೆಚ್ಚು ಹೀರುವಂತೆ ಕಾಣುತ್ತದೆ.

ವಯಲ್‌ಗಳನ್ನು ಬಿಸಿಲಿಗಿಡದೆ, ಎರಡು ವಾರದೊಳಗೆ ಪ್ರಯೋಗಾಲಯ ಮುಟ್ಟಿಸಿ.

ಇನ್ನೂ ಮಾಡುವ ಹುಮ್ಮಸ್ಸಿದ್ದರೆ: ಮರದ ಕಾಂಡ

ಗಿಡಮರಗಳೇ ಮೀಥೇನ್ ಬಿಡುತ್ತವೆ ಎಂಬ ಪ್ರಬಂಧವೊಂದು 2006ರಲ್ಲಿ ದೊಡ್ಡ ಗದ್ದಲ ಎಬ್ಬಿಸಿತು, ಅದರ ಮೇಲಿನ ವಾದ ವರ್ಷಗಟ್ಟಲೆ ನಡೆಯಿತು. ಜೌಗಿನ ಮರಗಳು ಬೇರಿನ ಬಳಿಯ ಮೀಥೇನನ್ನು ಕಾಂಡದ ಮೂಲಕ ಹೊರಹಾಕುವುದು ಇಂದು ಖಚಿತ. 2024ರಲ್ಲಿ ಬರ್ಮಿಂಗ್‌ಹ್ಯಾಮ್ ವಿಶ್ವವಿದ್ಯಾಲಯದ ವಿನ್ಸೆಂಟ್ ಗಾಚಿ ಮತ್ತು ಸಂಗಡಿಗರು ಅದರ ಇನ್ನೊಂದು ಮುಖ ತೋರಿಸಿದರು. ನೆಲದಿಂದ ಮೇಲೆ ಹೋದಂತೆ ತೊಗಟೆ ಗಾಳಿಯಿಂದ ಮೀಥೇನ್ ಹೀರತೊಡಗುತ್ತದೆ. ಸ್ವೀಡನ್‌ನ ಉತ್ತರದ ಕಾಡಿಗಿಂತ ಉಷ್ಣವಲಯದ ಕಾಡಿನಲ್ಲಿ ಇದು ಹೆಚ್ಚು. ಒಟ್ಟು ಅಂದಾಜು ವರ್ಷಕ್ಕೆ ಸುಮಾರು 2.5 ಕೋಟಿಯಿಂದ 5 ಕೋಟಿ ಟನ್, ಅಂದರೆ ಮಣ್ಣಿನ ಪಾಲಿಗೆ ಸರಿಸಮ.

ಚನ್ನಗಿರಿಯ ಅಡಿಕೆ ತೋಟಗಳು ಇದಕ್ಕೆ ಹೇಳಿ ಮಾಡಿಸಿದಂತಿವೆ: ಕಾಂಡ ನೇರ, ಉರುಟು, ನುಣುಪು, ಕೆಲವು ತೋಟಗಳಲ್ಲಿ ಬುಡದಲ್ಲಿ ನೀರೂ ನಿಲ್ಲುತ್ತದೆ. ಒಂದು ಗೇಣು ಅಂತರದಲ್ಲಿ ಎರಡು ಫೋಮ್ ಪಟ್ಟಿಗಳನ್ನು ಕಾಂಡಕ್ಕೆ ಬಳೆಯಂತೆ ಸುತ್ತಿ, ಅವುಗಳ ಮೇಲೆ ಗಟ್ಟಿ ಪಾರದರ್ಶಕ ಪ್ಲಾಸ್ಟಿಕ್ ಹಾಳೆ ಸುತ್ತಿ ಟೇಪಿನಿಂದ ಬಿಗಿಯಿರಿ. ಕಾಂಡಕ್ಕೂ ಹಾಳೆಗೂ ನಡುವಿನ ಜಾಗವೇ ನಿಮ್ಮ ಬಕೆಟ್. ರಬ್ಬರ್ ಬಿರಡೆ ಕೂರಿಸಿ, ಬುಡದಿಂದ ಮೊಣಕಾಲೆತ್ತರಕ್ಕೆ ಒಂದು, ಎದೆಯೆತ್ತರಕ್ಕೆ ಒಂದು, ಏಣಿ ಹಾಕಿ ಎರಡಾಳೆತ್ತರಕ್ಕೆ ಒಂದು ಹೀಗೆ ಅಳೆಯಿರಿ. ಸಿರಿಂಜಿನಿಂದ ಪ್ರತಿ ಸಲ 30ರ ಬದಲು 15 ಮಿಲಿಲೀಟರ್ ಮಾತ್ರ ತೆಗೆಯಿರಿ, ಇಲ್ಲಿ ಒಳಗಿನ ಗಾಳಿಯೇ ಕಡಿಮೆ. ವಯಲ್‌ಗೆ 20 ತುಂಬಲು ಸಾಲದಾದ್ದರಿಂದ ಈ ಮಾದರಿಗಳಿಗೆ 6 ಮಿಲಿಲೀಟರಿನ ಚಿಕ್ಕ ವಯಲ್ ತೆಗೆದುಕೊಳ್ಳಿ. ಲೆಕ್ಕ ಹಾಕುವಾಗ ನೆಲದ ವಿಸ್ತೀರ್ಣದ ಜಾಗದಲ್ಲಿ ಹಾಳೆಯೊಳಗಿನ ತೊಗಟೆಯ ವಿಸ್ತೀರ್ಣ ಬರಬೇಕು. ಆ ಅಂಕಿಯನ್ನು ನೆಲದ ಅಂಕಿಯ ಜೊತೆ ನೇರವಾಗಿ ಕೂಡಿಸಬೇಡಿ. ಎಕರೆಗೆ ಎಷ್ಟು ಮರ, ಮರಕ್ಕೆ ಎಷ್ಟು ತೊಗಟೆ ಎಂದು ಅಳೆದ ಮೇಲೆ ಕೂಡಿಸಿ.